ಹರಕು ಅರಿವೆಯ ಚರಿತ್ರೆ

ಶಹಾಪುರದಿಂದ ಯಾದಗಿರಿಗೆ ಹೋಗುವ ದಾರಿಯಲ್ಲಿ ದೋರನಹಳ್ಳಿ ಸಿಕ್ಕುತ್ತದೆ. ಹೋಬಳಿಯ ಊರು, ಬಸ್ಸು ನಿಲ್ಲುತ್ತದೆ, ಚಹದ ಅಂಗಡಿಗಳಿವೆ, ಸುತ್ತಲೂ ಹೊಲ. ದಸರೆಗೆ ಮುಂಚಿನ ವಾರ ಆ ದಾರಿಯಲ್ಲಿ ಹೋಗುವವರು ಕಿಟಕಿಯಿಂದ ಹೊರಗೆ ಕಣ್ಣು ಹಾಯಿಸಬೇಕು. ಘಟಸ್ಥಾಪನೆಗೆ ಮೊದಲು ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಒಗೆದು ಹಾಕುವ ಪದ್ಧತಿ ನಮ್ಮ ಭಾಗದಲ್ಲಿ ಉಂಟಷ್ಟೆ. ಆ ದಿನಗಳಲ್ಲಿ ಕಲ್ಲಿನ ಗೋಡೆಯ ಮೇಲೆ, ಮಾಳಿಗೆಯ ಅಂಚಿನಲ್ಲಿ, ಜಾಲಿಯ ಬೇಲಿಗೆ, ನಿಲ್ಲಿಸಿದ ಬಂಡಿಯ ಮೂಕಿಗೆ ಕೌದಿಗಳು ಹರಡಿಕೊಂಡಿರುತ್ತವೆ. ಒಂದರಂತೆ ಇನ್ನೊಂದಿಲ್ಲ. ಕೆಂಪು ಚೌಕದ ಪಕ್ಕದಲ್ಲಿ ಕಪ್ಪು ಪಟ್ಟಿ, ಅದರ ಮಗ್ಗುಲಲ್ಲಿ ಹೂವಿನ ಛೀಟು, ನಡುವೆ ಎಲ್ಲಿಂದಲೋ ಬಂದ ಹಳದಿಯ ತುಣುಕು. ಊರಿನ ಹೆಂಗಸರೆಲ್ಲ ಸೇರಿ ಒಂದು ಚಿತ್ರಪ್ರದರ್ಶನ ಏರ್ಪಡಿಸಿದಂತೆ ಕಾಣುತ್ತದೆ. ಸಂಜೆಗೆ ಎಲ್ಲವನ್ನೂ ಮಡಚಿ ಒಳಗೆ ಒಯ್ಯುತ್ತಾರೆ, ಪ್ರದರ್ಶನ ಮುಗಿಯುತ್ತದೆ.

ಈ ಕೌದಿಯ ಚರಿತ್ರೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂಬುದು ನನ್ನ ಉದ್ದೇಶ. ಕೌದಿಗೂ ಒಂದು ಚರಿತ್ರೆಯೇ ಎಂದು ಕೆಲವರು ಹುಬ್ಬೇರಿಸಬಹುದು. ಚರಿತ್ರೆ ಎಂದರೆ ಅರಸರ ಹೆಸರು, ಕಾಳಗದ ವರ್ಷ, ಒಪ್ಪಂದದ ಕಲಮು ಎಂದು ನಾವೇ ಶಾಲೆಯಲ್ಲಿ ಹೇಳಿಕೊಟ್ಟಿದ್ದೇವೆ, ತಪ್ಪು ಅವರದಲ್ಲ. ಅಂಥ ಚರಿತ್ರೆಗೆ ನಮ್ಮ ಸೀಮೆಯಲ್ಲಿ ಕೊರತೆಯಿಲ್ಲ. ಪಕ್ಕದ ಸುರಪುರದಲ್ಲಿ ನಾಯಕರ ಸಂಸ್ಥಾನವಿತ್ತು. ಬಾಲಕ ದೊರೆಯ ಪರವಾಗಿ ಆಡಳಿತ ನೋಡಲು ಬಂದ ಮೆಡೋಸ್ ಟೇಲರ್ ೧೮೫೩ರವರೆಗೂ ಅಲ್ಲಿದ್ದ. ಅವನ ಆತ್ಮಕಥೆ ೧೮೭೭ರಲ್ಲಿ, ಅವನ ಮರಣಾನಂತರ, ಅಚ್ಚಾಯಿತು. ರಾಜಾ ವೆಂಕಟಪ್ಪ ನಾಯಕ ೧೮೫೮ರಲ್ಲಿ ತೀರಿಕೊಂಡ. ಸೀಮೆ ೧೮೬೦ರಲ್ಲಿ ನಿಜಾಮನಿಗೆ ಹೋಯಿತು. ಆ ಸಂಸ್ಥಾನದ ನೆರಳಿನಲ್ಲಿ ಬೆಳೆದ ಸುರಪುರದ ಚಿತ್ರಕಲೆಯನ್ನು ಬಲ್ಲವರು ಬಲ್ಲರು. ಚಿನ್ನದ ರೇಕು, ಕೂದಲೆಳೆಯಷ್ಟು ನವಿರಾದ ಕುಂಚ, ತಂದೆಯಿಂದ ಮಗನಿಗೆ ಬಂದ ವಿದ್ಯೆ. ಅದಕ್ಕೆ ಆಶ್ರಯ ಕೊಟ್ಟವರ ಹೆಸರು ನಮಗೆ ಗೊತ್ತು, ಬರೆದ ಮನೆತನದ ಹೆಸರೂ ಗೊತ್ತು.

ಅದೇ ಕಾಲದಲ್ಲಿ, ಅದೇ ಸೀಮೆಯ ಒಲೆಯ ಬದಿಯಲ್ಲಿ ಇನ್ನೊಂದು ಕಲೆ ನಡೆದಿತ್ತು. ಅದಕ್ಕೆ ಚಿನ್ನ ಬೇಕಿರಲಿಲ್ಲ, ಒಂದು ಸೂಜಿ ಸಾಕಾಗಿತ್ತು. ಆಶ್ರಯ ಕೊಟ್ಟವರು ಯಾರೂ ಇರಲಿಲ್ಲ; ಚಳಿಯೇ ಅದರ ಆಶ್ರಯದಾತ. ಬರೆದವರ ಹೆಸರು ಯಾವ ಕಡತದಲ್ಲಿಯೂ ಇಲ್ಲ. ಆದರೂ ಅರಮನೆಯ ಕಲೆ ಅರಮನೆಯೊಂದಿಗೆ ಕುಗ್ಗಿತು, ಈ ಕಲೆ ನಮ್ಮ ಕಾಲದವರೆಗೂ ಬಂದಿತು.

ಮೊದಲು ಶಬ್ದವನ್ನು ನೋಡೋಣ. ಕನ್ನಡ ಪಂಡಿತನಿಗೆ ಅದು ಬಿಡದ ಚಟ. ಕೌದಿ, ಕವುದಿ, ಕವದಿ ಎಂದು ಊರಿಗೊಂದು ಉಚ್ಚಾರವುಂಟು. ಮರಾಠಿಯವರು ಗೋಧಡಿ ಎನ್ನುತ್ತಾರೆ, ನಮ್ಮ ದಖ್ಖನಿ ಉರ್ದು ಮಾತಾಡುವ ಮನೆಗಳಲ್ಲಿ ಗುದಡಿ, ಗುರುಮಠಕಲ್ಲಿನ ಆಚೆಗೆ ತೆಲುಗಿನಲ್ಲಿ ಬೊಂತ. ಸಂಸ್ಕೃತದಲ್ಲಿ ಕಂಥಾ, ಬಂಗಾಲದ ಹೆಂಗಸರು ಹಳೆಯ ಸೀರೆಗಳಿಂದ ಹೊಲಿಯುವ ಹೊದಿಕೆಗೆ ಇಂದಿಗೂ ಕಾಂಥಾ ಎಂದೇ ಹೆಸರು. ನಮ್ಮ ಕಾವ್ಯಗಳಲ್ಲಿ ಜೋಗಿಯ ವೇಷವನ್ನು ವರ್ಣಿಸುವಾಗ ಕಂಥೆ ಬರುತ್ತದೆ. ಅದೇ ಆಡುಮಾತಿನಲ್ಲಿ ಕಂತೆಯಾಯಿತು. ಒಬ್ಬನು ತೀರಿಕೊಂಡರೆ 'ಕಂತೆ ಒಗೆದ' ಎನ್ನುವುದುಂಟು. ಈ ದೇಹವೇ ಒಂದು ತೇಪೆಯ ಹೊದಿಕೆ, ಸಾಕಾದಾಗ ಕಳಚಿ ಎಸೆಯುವುದು ಎಂಬ ಅರ್ಥ. ಹರಕು ಬಟ್ಟೆಯ ಒಂದು ಹೊದಿಕೆಗೆ ನಮ್ಮ ಭಾಷೆ ಇಷ್ಟು ದೊಡ್ಡ ಮಾತನ್ನು ಹೊರಿಸಿದೆ.

ತುಂಡು ಬಟ್ಟೆಯ ಗೌರವ ಇನ್ನೂ ಹಳೆಯದು. ದೋರನಹಳ್ಳಿಯಿಂದ ಭೀಮೆಯ ಕಡೆ ನಡೆದು ಆಚೆ ದಂಡೆಗೆ ದಾಟಿ ಮೇಲಕ್ಕೆ ಹೋದರೆ ಸನ್ನತಿ, ಕನಗನಹಳ್ಳಿ. ಎರಡು ಸಾವಿರ ವರ್ಷಗಳ ಹಿಂದೆ ಅಲ್ಲಿ ದೊಡ್ಡ ಬೌದ್ಧ ಸ್ತೂಪವಿತ್ತು. ೧೯೯೪ರಿಂದ ನಡೆದ ಉತ್ಖನನದಲ್ಲಿ ಅದರ ಶಿಲ್ಪಗಳು ಹೊರಬಂದವು, 'ರಾಯೋ ಅಶೋಕೋ' ಎಂದು ಹೆಸರು ಕೊರೆದ ಅಶೋಕನ ಶಿಲ್ಪವೂ ಸಿಕ್ಕಿತು. ಬೌದ್ಧ ಭಿಕ್ಷುಗಳಿಗೆ ಪಾಂಸುಕೂಲ ಎಂಬ ನಿಯಮವಿತ್ತು. ತಿಪ್ಪೆಯಲ್ಲಿ, ದಾರಿಯಲ್ಲಿ, ಸುಡುಗಾಡಿನಲ್ಲಿ ಬಿಸಾಡಿದ ಅರಿವೆಯನ್ನು ಆಯ್ದು, ಒಗೆದು, ಹೊಲಿದು ಉಡುವುದು. ಚೀವರವನ್ನು ಹೇಗೆ ಹೊಲಿಯಬೇಕೆಂಬ ಪ್ರಶ್ನೆ ಬಂದಾಗ ಬುದ್ಧನು ಮಗಧದ ಗದ್ದೆಗಳನ್ನು ಆನಂದನಿಗೆ ತೋರಿಸಿ, ಆ ಬದುಗಳಂತೆ ತುಂಡುಗಳನ್ನು ಜೋಡಿಸು ಎಂದನೆಂದು ವಿನಯಪಿಟಕದ ಕಥೆ. ಶಹಾಪುರದ ಗುಡ್ಡದ ಮೇಲೆ ನಿಂತು ಕೆಳಗಿನ ಹೊಲಗಳನ್ನು ನೋಡಿದವರಿಗೆ ಆ ಮಾತು ಒಡನೆ ಅರ್ಥವಾಗುತ್ತದೆ. ಹತ್ತಿಯ ಪಟ್ಟಿ, ತೊಗರಿಯ ಪಟ್ಟಿ, ಜೋಳದ ಪಟ್ಟಿ. ಭೂಮಿಯೇ ಒಂದು ಕೌದಿ.

ಅದೇ ಸನ್ನತಿಯ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಚಂದ್ರಲಾಂಬೆಯ ಆವರಣದಲ್ಲಿದ್ದ ಕಾಳಿಯ ಗುಡಿಯ ಮಾಳಿಗೆ ೧೯೮೬ರಲ್ಲಿ ಕುಸಿಯಿತು. ವಿಗ್ರಹದ ಕೆಳಗಿದ್ದ ಪೀಠದ ಕಲ್ಲನ್ನು ನೋಡಿದರೆ ಅದು ಅಶೋಕನ ಶಾಸನ! ಯಾವನೋ ಶಿಲ್ಪಿ, ಬಿದ್ದಿದ್ದ ಹಳೆಯ ಕಲ್ಲನ್ನು ತಂದು, ನಡುವೆ ತೂತು ಕೊರೆದು, ದೇವಿಯನ್ನು ನಿಲ್ಲಿಸಿದ್ದ. ಅಕ್ಷರಗಳು ಕೆಲವು ಹಾಳಾದವು. ಆದರೆ ಪೀಠವಾದ್ದರಿಂದಲೇ ಕಲ್ಲು ಉಳಿಯಿತು. ಹಳೆಯದನ್ನು ಎಸೆಯದೆ ಹೊಸದರ ಒಡಲಿಗೆ ಸೇರಿಸುವ ಬುದ್ಧಿ ನಮ್ಮ ಜನರಲ್ಲಿ ಎಷ್ಟು ಆಳವಾಗಿ ಇಳಿದಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಬಟ್ಟೆಯ ಮಾತು ಬಂದಾಗ ಮುದನೂರನ್ನು ಮರೆಯಲಾಗದು. ಆದ್ಯವಚನಕಾರರಲ್ಲೊಬ್ಬನಾದ ಜೇಡರ ದಾಸಿಮಯ್ಯನ ಊರು ಅದು, ಸುರಪುರ ಸೀಮೆಯದೇ. ಅವನು ನೇಕಾರ. ಅವನ ಕಥೆಯನ್ನು ಬಲ್ಲಿರಿ. ಬಹುಕಾಲ ಶ್ರಮಿಸಿ ನೆಯ್ದ ಬೆಲೆಯುಳ್ಳ ವಸ್ತ್ರವನ್ನು ಜಂಗಮನೊಬ್ಬ ಬೇಡಿ ಪಡೆದ. ಪಡೆದವನು ಕಣ್ಣೆದುರಿಗೇ ಅದನ್ನು ಹರಿದು ಚೂರುಚೂರು ಮಾಡಿದ. ದಾಸಿಮಯ್ಯನಿಗೆ ಸಿಟ್ಟು ಬರಲಿಲ್ಲ. ಶಿವನು ಮೆಚ್ಚಿ ತವನಿಧಿಯನ್ನು, ಎಂದರೆ ಎಂದೂ ಮುಗಿಯದ ಅಕ್ಷಯನಿಧಿಯನ್ನು ಕೊಟ್ಟನಂತೆ. ಭಕ್ತಿಯ ಅರ್ಥ ಏನೇ ಇರಲಿ, ನಮ್ಮ ಹೆಂಗಸರು ಈ ಕಥೆಯನ್ನು ತಮ್ಮದೇ ರೀತಿಯಲ್ಲಿ ಓದಿದ್ದಾರೆಂದು ನನಗೆ ತೋರುತ್ತದೆ. ಹರಿದ ಬಟ್ಟೆ ಎಂದರೆ ಮುಗಿದ ಬಟ್ಟೆಯಲ್ಲ. ಅದೇ ಮುಗಿಯದ ನಿಧಿ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವನಿದ್ದ. ಸೂಜಿ ಹಿಡಿಯುವುದೂ ಕಾಯಕವೇ ಎಂದು ಒಪ್ಪಿದ ನಾಡು ಇದು.

ಇನ್ನು ಕೌದಿಯನ್ನು ಹೊಲಿಯುವ ಬಗೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಏಕೆಂದರೆ ನೋಡಿದವರು ಬಹಳ, ಗಮನಿಸಿದವರು ಕಡಿಮೆ.

ಕೆಳಗೆ ಹಾಸಲು ಒಂದು ಹಳೆಯ ನೂಲಿನ ಸೀರೆ. ಇಳಕಲ್ಲಿನ ಸೀರೆಯಾದರೆ ಒಳ್ಳೆಯದು. ಅದರ ಒಡಲು ಗಟ್ಟಿ, ಒಗೆದಷ್ಟೂ ಮೆತ್ತಗಾಗುತ್ತದೆ. ಅದರ ಮೇಲೆ ಹೊಟ್ಟೆಗೆಂದು ಸವೆದುಹೋದ ಧೋತರ, ರುಮಾಲು, ಮಕ್ಕಳ ಅಂಗಿ, ಚೀಲದ ಬಟ್ಟೆ. ಇವು ಕಣ್ಣಿಗೆ ಬೀಳುವುದಿಲ್ಲ, ಬೆಚ್ಚಗೆ ಮಾಡುವ ಕೆಲಸ ಇವುಗಳದು. ಎಲ್ಲಕ್ಕೂ ಮೇಲೆ ಬಣ್ಣದ ತುಣುಕುಗಳು. ಗುಳೇದಗುಡ್ಡದ ಖಣದ ಚೂರು, ಸೀರೆಯ ಸೆರಗಿನ ಕೆಂಪು, ಕುಪ್ಪಸದ ತೋಳು, ಛೀಟಿನ ಲಂಗದ ಅಂಚು. ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ಕಲ್ಲು ಇಟ್ಟು, ದಬ್ಬಣದಿಂದ ಉದ್ದುದ್ದ ಟಾಕು ಹಾಕಿ ಹಿಡಿಸುತ್ತಾರೆ. ಆಮೇಲೆ ಸಾಲುಹೊಲಿಗೆ. ಮೇಲೆ ಒಂದು ಅಕ್ಕಿಕಾಳಿನಷ್ಟು ದಾರ, ಕೆಳಗೆ ಒಂದು ಅಕ್ಕಿಕಾಳಿನಷ್ಟು. ಹೀಗೆ ಅಂಚಿನಿಂದ ಆರಂಭಿಸಿ ಸುತ್ತು ಬರುತ್ತ ಬರುತ್ತ ನಡುವಿಗೆ ಮುಟ್ಟುವುದು. ಒಂದು ಸಾಲಿಗೂ ಮತ್ತೊಂದಕ್ಕೂ ನಡುವೆ ಬೆರಳಿನ ಅಂತರ. ಆ ಹೊಲಿಗೆ ಅಲಂಕಾರವೂ ಹೌದು, ಅಸ್ತಿಭಾರವೂ ಹೌದು. ಸಾವಿರಾರು ಚಿಕ್ಕ ಟಾಕುಗಳಿಂದ ಎಲ್ಲ ಪದರಗಳೂ ಒಂದಾಗುತ್ತವೆ. ಎಲ್ಲಿ ಜಗ್ಗಿದರೂ ಎಳೆತ ಒಂದೇ ಕಡೆ ಬೀಳದೆ ಹರಡಿಹೋಗುತ್ತದೆ. ಪದರಗಳ ನಡುವೆ ನಿಂತ ಗಾಳಿ ಚಳಿಯನ್ನು ತಡೆಯುತ್ತದೆ. ಮೇಲಿನ ಪದರ ಸವೆದರೆ ಎಸೆಯುವ ಮಾತಿಲ್ಲ; ಅದರ ಮೇಲೆಯೇ ಹೊಸ ತುಣುಕುಗಳನ್ನು ಕೂಡಿಸಿ ಮತ್ತೆ ಹೊಲಿಯುತ್ತಾರೆ. ಹೀಗೆ ಹಳೆಯ ಕೌದಿಯೊಂದನ್ನು ಬಿಚ್ಚಿದರೆ ಉತ್ಖನನದ ಗುಣಿಯಲ್ಲಿ ಕಾಣುವಂತೆ ಕಾಲದ ಪದರಗಳು ಒಂದರ ಕೆಳಗೊಂದು ಸಿಕ್ಕುತ್ತವೆ.

ನಕ್ಷೆ ಎಲ್ಲಿದೆ? ಎಲ್ಲಿಯೂ ಇಲ್ಲ. ಅಳತೆ ಗೇಣು ಮೊಳದ್ದು. ಮಲಗುವವರ ಮೈಯಳತೆಯೇ ಪ್ರಮಾಣ. ಇಂಥ ಬಣ್ಣದ ಪಕ್ಕದಲ್ಲಿ ಇಂಥದೇ ಬರಬೇಕೆಂಬ ಸೂತ್ರ ಯಾರೂ ಬರೆದಿಟ್ಟಿಲ್ಲ. ನಾನು ಹುಡುಗನಾಗಿದ್ದಾಗ ನಮ್ಮ ಅಜ್ಜಿಯನ್ನು ಕೇಳಿದ್ದೆ: "ಇಲ್ಲಿ ಹಸಿರು ಯಾಕೆ ಇಟ್ಟಿ?" ಅಜ್ಜಿ ಸೂಜಿಯಿಂದ ಕಣ್ಣೆತ್ತದೆ "ಕೆಂಪು ಒದರಲಿಕ್ಕೆ ಹತ್ತಿತ್ತು, ಸುಮ್ಮನಿರಿಸಿದೆ" ಎಂದಳು. ಚಿತ್ರಕಲೆಯ ಶಾಲೆಗಳಲ್ಲಿ ವರ್ಣಸಾಮರಸ್ಯ ಎಂದು ಒಂದು ಇಡೀ ಅಧ್ಯಾಯವನ್ನು ಓದಿಸುತ್ತಾರೆ. ಅಕ್ಷರ ಬಾರದ ಅಜ್ಜಿ ಅದನ್ನು ನಾಲ್ಕು ಮಾತಿನಲ್ಲಿ ಮುಗಿಸಿದ್ದಳು. ಇದ್ದ ತುಣುಕಿಗೆ ಹೊಂದುವಂತೆ ಕೈ ನಡೆಯುತ್ತದೆ. ಕೈ ನಡೆದಂತೆ ಕಣ್ಣು ಕಲಿಯುತ್ತದೆ. ಬೇಕಾದ ಬಣ್ಣ ಇಲ್ಲದಿದ್ದರೆ ಬೇಡವಾದ ಬಣ್ಣವನ್ನೇ ಬೇಕಾಗುವಂತೆ ಮಾಡುವುದು. ಜಾಣ್ಮೆ ಇರುವುದು ಅಲ್ಲಿಯೇ.

ಕೂಸಿನ ತಲೆಯಿಂದ ಬೆನ್ನಿನವರೆಗೆ ಇಳಿಬೀಳುವ ಕುಂಚಿಗೆಯೂ ಇದೇ ವಂಶದ್ದು. ಖಣದ ತುಣುಕುಗಳನ್ನು ಮೂಲೆಗೆ ಮೂಲೆ ಕೂಡಿಸಿ ಹೊಲಿಯುವ ಆ ಕುಂಚಿಗೆಗಾಗಿ ನೆರೆಹೊರೆಯ ಮನೆಗಳಿಂದಲೂ ಚೂರುಗಳನ್ನು ಬೇಡಿ ತರುವುದುಂಟು. ಹತ್ತು ಮನೆಯ ಅರಿವೆ ಮೈಮೇಲಿದ್ದರೆ ಹತ್ತು ಮನೆಯವರ ಹರಕೆ ಇದ್ದಂತೆ. ಕೌದಿ ಮುಗಿಯುವ ದಿನ ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು. ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಅಜ್ಜಿ ನಾಲ್ಕು ಕಾಳು ಅಕ್ಕಿ, ಒಂದು ಚೂರು ರೊಟ್ಟಿಯನ್ನು ಒಳಗಿಟ್ಟು ಹೊಲಿಯುತ್ತಿದ್ದಳು. ಕೌದಿಯ ಹೊಟ್ಟೆ ತುಂಬಿರಬೇಕು, ಹಸಿದ ಕೌದಿ ಹೊದ್ದವರನ್ನು ಬೆಚ್ಚಗೆ ಇಡುವುದಿಲ್ಲ ಎಂದು ಆಕೆಯ ವಾದ.

ಎಲ್ಲ ಮನೆಗಳಲ್ಲಿಯೂ ಹೊಲಿಯುವವರು ಇರುತ್ತಿರಲಿಲ್ಲ. ಆಗ ಗೊಂದಲಿಗರ ಹೆಣ್ಣುಮಕ್ಕಳು ಬರುತ್ತಿದ್ದರು. ಅಂಬಾಭವಾನಿಯ ಹೆಸರಿನಲ್ಲಿ ರಾತ್ರಿಯೆಲ್ಲ ಗೊಂದಲ ಹಾಕಿ ಕಥೆ ಹಾಡುವ ಗಂಡಸರು ಆ ಸಮಾಜದವರು. ಹಗಲು ಊರೂರು ತಿರುಗಿ ಕೌದಿ ಹೊಲಿಯುವ ಹೆಂಗಸರೂ ಅವರೇ. ಸುಗ್ಗಿ ಮುಗಿದ ಮೇಲೆ ಬಂದು ಕಟ್ಟೆಯ ಮೇಲೆಯೋ ಬೇವಿನ ನೆರಳಿನಲ್ಲಿಯೋ ಕೂಡುವರು. ಅರಿವೆ ಮನೆಯವರದು, ದಾರ ಮತ್ತು ಕೈ ಅವರದು. ಕೂಲಿ ಜೋಳದ ಲೆಕ್ಕದಲ್ಲಿ. ಆಮೇಲೆ ರೂಪಾಯಿಯ ಲೆಕ್ಕ ಬಂತು. ಒಂದು ಕೌದಿಗೆ ಎಷ್ಟೋ ದಿನಗಳ ದುಡಿಮೆ. ಬಾಗಲಕೋಟೆಯ ಗೊಂದಲಿ ಗಾಯಕರಾದ ವೆಂಕಪ್ಪ ಅಂಬಾಜಿ ಸುಗಟೇಕರರಿಗೆ ೨೦೨೫ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಸಂತೋಷಪಟ್ಟೆವು. ಹಾಡಿಗೆ ಸಲ್ಲಬೇಕಾದ ಮನ್ನಣೆ ಸಂದಿತು. ಅದೇ ಸಮಾಜದ ಹೆಂಗಸರ ಸೂಜಿಗೆ ಸಲ್ಲಬೇಕಾದದ್ದು ಇನ್ನೂ ಬಾಕಿಯಿದೆ.

ಕೌದಿಯ ಪದರಗಳಲ್ಲಿ ಚರಿತ್ರೆ ಹೇಗೆ ಕೂಡುತ್ತದೆಂಬುದನ್ನು ಈಗ ನೋಡೋಣ. ೧೮೭೧ರಲ್ಲಿ ಮುಂಬಯಿಯ ಕಡೆಯ ರೈಲುಹಳಿಯೂ ಮದರಾಸಿನ ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದವು. ಯಾದಗಿರಿ ಆ ದಾರಿಯ ನಿಲ್ದಾಣವಾಯಿತು. ರೈಲಿನೊಂದಿಗೆ ಗಿರಣಿಯ ಬಟ್ಟೆ ಬಂತು. ಆ ಶತಮಾನದ ಕೊನೆಯ ಹೊತ್ತಿಗೆ ಕಲಬುರಗಿಯಲ್ಲಿಯೇ ಮಹಬೂಬ್ ಶಾಹಿ ಗಿರಣಿಯ ಭೋಂಗಾ ಕೂಗತೊಡಗಿತು. ಕೈಮಗ್ಗದ ಒರಟು ಕೋರಾ ಪದರದ ಮೇಲೆ ಗಿರಣಿಯ ತೆಳ್ಳನೆಯ ಛೀಟಿನ ಪದರ ಬಿದ್ದುದು ಹೀಗೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೩ರಲ್ಲಿ, ದೇಶದಲ್ಲಿ ಬಟ್ಟೆಗೆ ನಿಯಂತ್ರಣ ಬಂತು. ಆ ಅಭಾವದ ಮಾತನ್ನು ಅಜ್ಜಿ ಬಹಳ ಹೇಳುತ್ತಿದ್ದಳು: ಮದುವೆಗೂ ಹೊಸ ಸೀರೆ ಸಿಗಲಿಲ್ಲ, ಹಳೆಯ ಕೌದಿಯ ಮೇಲ್ಪದರ ಬಿಚ್ಚಿ ಮಕ್ಕಳಿಗೆ ಅಂಗಿ ಮಾಡಿದೆವು ಎಂದು. ಸಾಮಾನ್ಯವಾಗಿ ಅಂಗಿ ಕೌದಿಯಾಗುತ್ತದೆ. ಆ ವರ್ಷಗಳಲ್ಲಿ ಕೌದಿ ಅಂಗಿಯಾಯಿತು. ಯಾವ ಗೆಜೆಟಿನಲ್ಲಿ ಈ ವಾಕ್ಯ ಸಿಕ್ಕೀತು?

೧೯೪೮ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. ೧೯೫೬ರ ನವೆಂಬರ್ ೧ರಂದು ನಾವು ಕನ್ನಡನಾಡಿನೊಂದಿಗೆ ಒಂದಾದೆವು. ನಮ್ಮ ಜಿಲ್ಲೆ ಯಾದಗಿರಿ ಹೆಸರಿನಿಂದ ಬೇರೆಯಾದದ್ದು ೨೦೦೯ರ ಡಿಸೆಂಬರಿನಲ್ಲಿ. ಕೌದಿಗೆ ಈ ತಾರೀಖುಗಳ ಗೊಡವೆಯಿಲ್ಲ; ಅದರ ತಾರೀಖುಗಳು ಬೇರೆ. ಎಪ್ಪತ್ತರ ದಶಕದ ಆರಂಭದ ಬರ ಒಂದು. ಟೆರಿಲಿನ್, ಟೆರಿಕಾಟ್ ಬಂದದ್ದು ಇನ್ನೊಂದು. ನಾರಾಯಣಪುರದ ಅಣೆಕಟ್ಟಿನಿಂದ ಕೃಷ್ಣೆಯ ನೀರು ಎರೆಯ ಹೊಲಗಳಿಗೆ ಹರಿದದ್ದು ಮತ್ತೊಂದು. ನೀರು ಮುಟ್ಟದ ಹಳ್ಳಿಗಳ ಜನ ಬೆಂಗಳೂರಿಗೆ, ಮುಂಬಯಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತ ಬಂದಿದ್ದಾರೆ. ಹೋಗುವಾಗ ಗಂಟಿನಲ್ಲಿ ಒಂದು ಕೌದಿ ಇರುತ್ತದೆ. ಬರುವಾಗ ಪಟ್ಟಣದ ಬಟ್ಟೆಯ ತುಣುಕುಗಳು ಬರುತ್ತವೆ. ಆ ತುಣುಕುಗಳೂ ಕೌದಿಗೆ ಸೇರುತ್ತವೆ.

ನಮ್ಮ ನಾಡಿನಲ್ಲಿ ಕೌದಿಗೆ ಸೋದರಸಂಬಂಧಿಗಳು ಉಂಟು. ನಮ್ಮ ತಾಂಡಾಗಳ ಲಂಬಾಣಿ ಹೆಂಗಸರ ಉಡುಗೆಯನ್ನು ನೋಡಿರಿ. ಬಟ್ಟೆಯ ತೇಪೆಯ ಜೊತೆಗೆ ಕನ್ನಡಿಯ ಚೂರು, ಕವಡೆ, ಚಲಾವಣೆ ತಪ್ಪಿದ ನಾಣ್ಯ, ಉಣ್ಣೆಯ ಗೊಂಡೆ, ಮಣಿ. ಕೈಗೆ ಸಿಕ್ಕಿದ್ದೆಲ್ಲ ಅಲ್ಲಿ ಆಭರಣ. ಎತ್ತಿನ ಹೇರುಗಳಲ್ಲಿ ಉಪ್ಪು ಧಾನ್ಯ ಸಾಗಿಸುತ್ತಿದ್ದ ಈ ಜನರ ವ್ಯಾಪಾರವನ್ನು ರೈಲು ಕಸಿದುಕೊಂಡಿತು, ಸೂಜಿಯನ್ನು ಕಸಿಯಲಿಲ್ಲ. ೨೦೨೩ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ಜಿ-೨೦ ರಾಷ್ಟ್ರಗಳ ಸಂಸ್ಕೃತಿ ಸಭೆ ನಡೆದಾಗ ಸಂಡೂರಿನ ಕುಶಲ ಕಲಾ ಕೇಂದ್ರದ ಲಂಬಾಣಿ ಹೆಂಗಸರು ಮಾಡಿದ ೧,೭೫೫ ಕಸೂತಿಯ ವಸ್ತುಗಳನ್ನು ಒಂದೆಡೆ ಇರಿಸಿದರು. ಅದು ಗಿನ್ನೆಸ್ ದಾಖಲೆಯಾಯಿತು.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡುಗಳಲ್ಲಿ ಸಿದ್ದಿ ಜನರಿದ್ದಾರೆ. ಆಫ್ರಿಕದಿಂದ ಬಂದವರ ಸಂತತಿ; ಅವರಲ್ಲಿ ಹಿಂದುಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಉಂಟು. ೨೦೦೩ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಅವರ ಹೆಂಗಸರು ಹೊಲಿಯುವ ಕೌದಿಯ ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಪದರಪದರವಾಗಿ ಮಡಚಿ ಮಾಡಿದ ಮುಕ್ಕೋನದ ಹೂವುಗಳಿರುತ್ತವೆ, ಫೂಲ ಎನ್ನುತ್ತಾರೆ. ಫೂಲವಿಲ್ಲದ ಕೌದಿ ಅವರಿಗೆ ಬತ್ತಲೆ. ಕೆಲವರು ಶಿಲುಬೆಯನ್ನು, ಕೆಲವರು ಚಂದ್ರನನ್ನು ಹೊಲಿಯುತ್ತಾರೆ. ಸಾಲುಹೊಲಿಗೆ ಮಾತ್ರ ಎಲ್ಲರದೂ ಒಂದೇ. ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಲ್ ಇವುಗಳನ್ನು ಅಭ್ಯಾಸ ಮಾಡಿದರು. ೨೦೧೧ರಲ್ಲಿ ಸಿದ್ದಿಯರ ಕೌದಿಗಳು ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದ ಗೋಡೆಗಳನ್ನೇರಿದವು. ನೆಲದ ಮೇಲೆ ಹಾಸುವುದನ್ನು ಗೋಡೆಗೆ ತೂಗುಹಾಕಿದ ಕೂಡಲೇ ಲೋಕ ಅದನ್ನು ಕಲೆ ಎಂದಿತು. ಕೌದಿ ಬದಲಾಗಿರಲಿಲ್ಲ; ಬದಲಾದದ್ದು ನೋಡುವವರ ಕತ್ತಿನ ಎತ್ತರ.

ಯೂರೋಪಿನಲ್ಲಿ ಇದರದೇ ಒಂದು ಕಥೆಯುಂಟು. ೧೯೧೨ರಲ್ಲಿ ಪಿಕಾಸೋ ಎಂಬ ಚಿತ್ರಕಾರನು ಕುರ್ಚಿಯ ಬೆತ್ತದ ಹೆಣಿಗೆಯನ್ನು ಅಚ್ಚೊತ್ತಿದ ಮೇಣಗಪ್ಪಡದ ಚೂರೊಂದನ್ನು ತನ್ನ ಚಿತ್ರಕ್ಕೆ ಅಂಟಿಸಿ, ಚೌಕಟ್ಟಿನ ಬದಲು ಹಗ್ಗವನ್ನು ಸುತ್ತಿದ. ಅಂಟಿಸುವುದು ಎಂಬರ್ಥದ ಫ್ರೆಂಚ್ ಮಾತಿನಿಂದ ಕೊಲಾಜ್ ಎಂಬ ಹೆಸರು ಬಂತು. ಮೊದಲ ಮಹಾಯುದ್ಧ ಮುಗಿದ ಮೇಲೆ, ೧೯೧೯ರಲ್ಲಿ, ಜರ್ಮನಿಯ ಕುರ್ಟ್ ಷ್ವಿಟರ್ಸ್ ಬೀದಿಯಲ್ಲಿ ಬಿದ್ದ ಟ್ರಾಮಿನ ಚೀಟಿ, ತಂತಿ, ಮುರಿದ ಕಟ್ಟಿಗೆಗಳನ್ನು ಆಯ್ದು ಚಿತ್ರ ಕಟ್ಟಿದ. ಎಲ್ಲವೂ ಒಡೆದುಹೋಗಿರುವಾಗ ಚೂರುಗಳಿಂದಲೇ ಹೊಸದನ್ನು ಕಟ್ಟಬೇಕು ಎಂಬುದು ಅವನ ನಿಲುವು. ನಮ್ಮ ದೇಶದಲ್ಲಿಯೇ ನೇಕಚಂದ್ ಎಂಬ ರಸ್ತೆಯ ಇನ್‌ಸ್ಪೆಕ್ಟರು ಚಂಡೀಗಢದ ಕಾಡಿನಲ್ಲಿ ಯಾರಿಗೂ ತಿಳಿಯದಂತೆ ಒಡೆದ ಬಳೆ, ಹಂಚು, ಪಿಂಗಾಣಿಯ ಚೂರುಗಳಿಂದ ಬೊಂಬೆಗಳ ರಾಜ್ಯವನ್ನೇ ಕಟ್ಟಿದರು. ೧೯೭೬ರಲ್ಲಿ ಅದು ಜನರಿಗೆ ತೆರೆಯಿತು. ಅಮೆರಿಕದ ಅಲಬಾಮಾ ಸೀಮೆಯಲ್ಲಿ ಗೀಸ್ ಬೆಂಡ್ ಎಂಬ ಹಳ್ಳಿಯಿದೆ. ಗುಲಾಮರಾಗಿದ್ದವರ ವಂಶದ ಹೆಂಗಸರು ಹೊಲದಲ್ಲಿ ದುಡಿದ ಗಂಡಂದಿರ ಸವೆದ ಷರಾಯಿಗಳಿಂದ ಹೊದಿಕೆ ಹೊಲಿಯುತ್ತಿದ್ದರು. ೨೦೦೨ರಲ್ಲಿ ಹ್ಯೂಸ್ಟನ್ನಿನ ವಸ್ತುಸಂಗ್ರಹಾಲಯ ಅವನ್ನು ಪ್ರದರ್ಶಿಸಿತು. ೨೦೦೬ರಲ್ಲಿ ಅವುಗಳ ಚಿತ್ರವಿರುವ ಅಂಚೆಚೀಟಿಗಳೇ ಬಂದವು.

ಇವನ್ನೆಲ್ಲ ಹೇಳಿದ್ದು ನಮ್ಮ ಕೌದಿಗೆ ಪರದೇಶದ ಮೊಹರು ಬೇಕೆಂದಲ್ಲ. ಒಂದು ಭೇದವನ್ನು ಕಾಣಲೆಂದು. ಪಿಕಾಸೋ ಮೇಣಗಪ್ಪಡವನ್ನು ಅಂಟಿಸಿದ್ದು ನೋಡುವವರ ಕಣ್ಣನ್ನು ಬೆಚ್ಚಿಬೀಳಿಸಲು. ನಮ್ಮ ಅಜ್ಜಿ ತುಣುಕು ಕೂಡಿಸಿದ್ದು ಮೊಮ್ಮಗ ಬೆಚ್ಚಗಿರಲೆಂದು. ಆದರೆ ಬೆಚ್ಚಗಿಡಲು ಹಸಿರು ತುಣುಕು ಬೇಕಿರಲಿಲ್ಲ. ಯಾವ ತುಣುಕಾದರೂ ನಡೆಯುತ್ತಿತ್ತು. ಕೆಂಪನ್ನು ಸುಮ್ಮನಿರಿಸಲು ಹಸಿರನ್ನು ಹುಡುಕಿದಳಲ್ಲ, ಅಗತ್ಯ ಮುಗಿದು ಕಲೆ ಮೊದಲಾಗುವುದು ಆ ಗಳಿಗೆಯಲ್ಲಿ.

ಇಷ್ಟು ಪಾಂಡಿತ್ಯವನ್ನು ಹೇಳಿದ ನಾನು ಮಾಡಿದ್ದೇನೆಂಬುದನ್ನೂ ಹೇಳಬೇಕು. ಹದಿನೆಂಟು ವರ್ಷಗಳ ಹಿಂದೆ ಸಿಮೆಂಟಿನ ಹೊಸ ಮನೆ ಕಟ್ಟಿಸಿದೆ. ಹೊಸ ಮಂಚ, ಅಂಗಡಿಯ ಗಾದಿ, ಸೊಲ್ಲಾಪುರದ ಚಾದರ ಬಂದವು. ಅಟ್ಟದಲ್ಲಿ ನಮ್ಮ ತಾಯಿ ಹೊಲಿದ ದೊಡ್ಡ ಕೌದಿಯೊಂದು ಮಡಚಿಟ್ಟಿತ್ತು. ಭಾರ, ಒಗೆಯಲು ಕಷ್ಟ, ನೋಡುವವರಿಗೆ ಬಡತನದ ಗುರುತು ಎಂದು ನನಗನಿಸಿತು. ಹಳೆಯ ಬಟ್ಟೆಗೆ ಪಾತ್ರೆ ಕೊಡುವವಳು ಬೀದಿಯಲ್ಲಿ ಬಂದಳು. ಕೌದಿಯನ್ನೂ ಇನ್ನೆರಡು ಸೀರೆಯನ್ನೂ ಕೊಟ್ಟು ಒಂದು ಸ್ಟೀಲಿನ ಬೋಗುಣಿ ತೆಗೆದುಕೊಂಡೆ. ತಾಯಿ ಬಾಗಿಲಲ್ಲಿ ನಿಂತು ನೋಡಿದಳು. "ಹೋಗಲಿ ಬಿಡು, ಹಳೇದಾಗಿತ್ತು" ಎಂದಳು.

ಪಂಚಮಿಗೆ ಅಕ್ಕ ಬಂದಾಗ ಕೌದಿಯನ್ನು ಕೇಳಿದಳು. ಸಂಗತಿ ತಿಳಿದು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು. ಅದರ ನಡುವಿನ ಹಳದಿ ಚೌಕಳಿಯ ತುಣುಕು ನಮ್ಮ ಅಣ್ಣನ ಅಂಗಿಯದಂತೆ. ನಾನು ಹುಟ್ಟುವ ಮುಂಚೆಯೇ, ನಾಲ್ಕು ವರ್ಷದವನಾಗಿದ್ದಾಗ ತೀರಿಕೊಂಡ ಅಣ್ಣ. ಅವನದೊಂದು ಭಾವಚಿತ್ರವೂ ನಮ್ಮ ಮನೆಯಲ್ಲಿಲ್ಲ. ಅವನು ಈ ಭೂಮಿಯ ಮೇಲೆ ಇದ್ದನೆಂಬುದಕ್ಕೆ ಇದ್ದ ದಾಖಲೆ ಆ ಗೇಣುದ್ದದ ಅರಿವೆ. ಅದರ ಸುತ್ತ ತಂದೆಯ ರುಮಾಲಿನ ಕೆಂಪು, ಅಜ್ಜಿಯ ಸೀರೆಯ ಕಪ್ಪು. ತಾಯಿ ಯಾರಿಗೂ ಹೇಳದೆ ಮನೆಯ ಶಾಸನವನ್ನು ಬರೆದಿಟ್ಟಿದ್ದಳು. ಶಾಲೆಯಲ್ಲಿ ಮಕ್ಕಳಿಗೆ ಹಲ್ಮಿಡಿ ಶಾಸನವನ್ನು ಓದಿಸುವ ನಾನು ಮನೆಯಲ್ಲಿದ್ದುದನ್ನು ಓದಲಾರದೆ ಹೋದೆ. ಕಾಳಿಯ ಪೀಠದ ಕಲ್ಲನ್ನು ಕೊರೆದವನಾದರೂ ಶಾಸನವನ್ನು ಅಷ್ಟಿಷ್ಟು ಉಳಿಸಿದ್ದ. ಬೋಗುಣಿ ಈಗಲೂ ಅಡಿಗೆಯ ಮನೆಯಲ್ಲಿದೆ.

ಈ ಕಲೆ ಇಂದು ಯಾವ ಸ್ಥಿತಿಯಲ್ಲಿದೆ? ಪೂರ್ತಿ ಹೋಗಿಲ್ಲ. ಆದರೆ ಕಾರಣಗಳು ಒಂದೊಂದಾಗಿ ಕಡಿಮೆಯಾಗುತ್ತಿವೆ. ಮನೆಯ ಸೀರೆಗಳಲ್ಲಿ ನೂಲಿನವು ಕಡಿಮೆ. ಪಾಲಿಯೆಸ್ಟರಿನ ಸೀರೆ ಬೆವರನ್ನು ಹೀರದು, ಪದರಗಳು ಒಂದರ ಮೇಲೊಂದು ಜಾರುತ್ತವೆ, ಒಗೆದರೆ ಮೆತ್ತಗಾಗುವುದಿಲ್ಲ. ಯಂತ್ರದ ಚಾದರ ಅಗ್ಗ. ವಾರಗಟ್ಟಲೆ ಕೂತು ಹೊಲಿದವಳಿಗೆ ಕೂಲಿ ಕೊಡುವಾಗ ನಾವು ಚಾದರದ ಬೆಲೆಯನ್ನು ಎತ್ತಿ ತೋರಿಸುತ್ತೇವೆ. ಗೊಂದಲಿಗರ ಎಳೆಯ ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ, ಅದು ಆಗಬೇಕಾದದ್ದೇ. ಬಡತನದಿಂದ ಹುಟ್ಟಿದ ಕಲೆ ಉಳಿಯಬೇಕೆಂದು ಬಡತನವನ್ನು ಉಳಿಸಬೇಕೆಂದು ಯಾರೂ ಹೇಳಲಾರರು. ಒಂದೆಡೆ ಪಟ್ಟಣದ ಅಂಗಡಿಗಳಲ್ಲಿ ಹೊಸ ಬಟ್ಟೆಯನ್ನೇ ಕತ್ತರಿಸಿ ಕೌದಿಯಂತೆ ಹೊಲಿದು ಮಾರುತ್ತಾರೆ. ನೋಡಲು ಅಂದವೇ. ಆದರೆ ಯಾರ ಮೈಮೇಲೂ ಇರದ ಬಟ್ಟೆಗೆ ಹೇಳಲು ಕಥೆಯಿರುವುದಿಲ್ಲ.

ಉಳಿಸಿಕೊಳ್ಳಲು ನಮ್ಮ ಕೈಯಲ್ಲಿರುವುದು ಎರಡು. ಹೊಲಿಯಬಲ್ಲವರು ಬಾಗಿಲಿಗೆ ಬಂದರೆ ಚಾದರದ ಬೆಲೆಯನ್ನು ಮರೆತು ಅವರು ಕೂತು ದುಡಿಯುವ ದಿನಗಳನ್ನು ಎಣಿಸಿ ಕೂಲಿ ಕೊಡುವುದು ಒಂದು. ಇದ್ದ ಕೌದಿಯನ್ನು ಓದಿ ಬರೆದಿಡುವುದು ಇನ್ನೊಂದು. ಇದಕ್ಕೆ ಸರಕಾರವೂ ಬೇಡ, ಸಂಗ್ರಹಾಲಯವೂ ಬೇಡ. ನನ್ನ ತರಗತಿಯ ಮಕ್ಕಳಿಗೆ ಈಗ ನಾನು ಇದನ್ನೇ ಮನೆಪಾಠವಾಗಿ ಕೊಡುತ್ತೇನೆ. ಮನೆಯ ಕೌದಿಯನ್ನು ಹಾಸಿ, ಮನೆಯ ಹಿರಿಯಳನ್ನು ಪಕ್ಕದಲ್ಲಿ ಕೂಡಿಸಿ, ಒಂದೊಂದೇ ತುಣುಕನ್ನು ಮುಟ್ಟಿ ಇದು ಯಾರದು ಎಂದು ಕೇಳಿ, ಹೊಲಿದವಳ ಹೆಸರಿನ ಸಹಿತ ಬರೆದುಕೊಂಡು ಬನ್ನಿ ಎಂದು. ಬರೆದು ತಂದದ್ದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುವಾಗ ಹುಡುಗರು ಗದ್ದಲ ಮಾಡುವುದಿಲ್ಲ. ನಾನು ಕಲಿಸುವ ಬೇರೆ ಯಾವ ಪಾಠಕ್ಕೂ ಈ ಭಾಗ್ಯವಿಲ್ಲ.

ದಸರೆ ಪ್ರತಿವರ್ಷವೂ ಬರುತ್ತದೆ. ನಿಮ್ಮ ಮನೆಯ ಅಟ್ಟದಿಂದಲೂ ಕೌದಿ ಕೆಳಗಿಳಿಯುತ್ತದೆ, ನೀರು ಕಾಣುತ್ತದೆ, ಬಿಸಿಲು ಕಾಣುತ್ತದೆ. ಸಂಜೆ ಮಡಚಿ ಒಳಗಿಡುವ ಮುಂಚೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿರಿ. ಹೇಳಬಲ್ಲವರು ಮನೆಯಲ್ಲಿ ಇರುವಾಗಲೇ ಕೇಳಿರಿ. ನಾನು ತಡಮಾಡಿದೆ, ನೀವು ಮಾಡಬೇಡಿರಿ.